ಮೋಟಾರಿಗೂ ಮೊದಲು ಬ್ರೇಕು, ಫೋರ್ಕು: ಎಲೆಕ್ಟ್ರಿಕ್ ಸೈಕಲ್ ಕಟ್ಟುವ ಓದುಗರಿಗೊಂದು ಉತ್ತರ

ಪ್ರಶ್ನೆ: ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ವಾಸ. ದುರ್ಗದ ಮುದ್ರಣಾಲಯವೊಂದರಲ್ಲಿ ಕೆಲಸ. ಮನೆಯಲ್ಲಿ ತಂದೆಯವರ ಕಾಲದ 22 ಇಂಚಿನ ಕಪ್ಪು ಸೈಕಲ್ ಇದೆ. ಗುಜರಿಯಲ್ಲಿ ಕೊಂಡ ಕಾರಿನ ವೈಪರ್ ಮೋಟಾರು ಮತ್ತು ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಬಿಚ್ಚಿದ ಸುಮಾರು ಐವತ್ತು ಸೆಲ್‌ಗಳಿವೆ. ಬೆಸುಗೆ ಹಾಕಲು ಬರುತ್ತದೆ. ಇವುಗಳಿಂದಲೇ ಎಲೆಕ್ಟ್ರಿಕ್ ಸೈಕಲ್ ಮಾಡಿಕೊಳ್ಳಬಹುದೇ? ಓಡುವಾಗ ಡೈನಮೊದಿಂದ ಬ್ಯಾಟರಿ ತಾನೇ ಚಾರ್ಜ್ ಆಗುವಂತೆ ಮಾಡಲು ಸಾಧ್ಯವೇ? ನೋಂದಣಿ, ಲೈಸೆನ್ಸ್ ಬೇಕಾಗುತ್ತದೆಯೇ?

ಉತ್ತರ: ಸೈಕಲ್ಲನ್ನು ನೀವೇ ಕಟ್ಟಿಕೊಳ್ಳಬಹುದು. ಆದರೆ ನೀವು ಪಟ್ಟಿ ಮಾಡಿರುವ ಮೂರು ವಸ್ತುಗಳಲ್ಲಿ ಒಂದನ್ನೂ ಬಳಸಬೇಡಿ ಎಂದು ಹೇಳಬೇಕಾಗಿ ಬಂದಿರುವುದರಿಂದ, ಹಾಗೇಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇನೆ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮೋಟಾರಿನ ಬಗ್ಗೆ ಇರುತ್ತವೆ. ಚಕ್ರದ ಅಚ್ಚು ಕೂರುವ ಫೋರ್ಕಿನ ಸೀಳು ಎಷ್ಟು ಗಟ್ಟಿಯಾಗಿದೆ, ಬ್ರೇಕು ಎಷ್ಟು ದೂರದಲ್ಲಿ ಗಾಡಿಯನ್ನು ನಿಲ್ಲಿಸುತ್ತದೆ ಎಂದು ಕೇಳುವವರು ಅಪರೂಪ. ಪೆಟ್ಟು ಬೀಳುವುದು ಮಾತ್ರ ಸಾಮಾನ್ಯವಾಗಿ ಈ ಎರಡು ಕಡೆಯಲ್ಲೇ.

ಮೊದಲು ನಿಮ್ಮ ದಾರಿಗೆ ಎಷ್ಟು ಶಕ್ತಿ ಬೇಕು ಎಂಬ ಲೆಕ್ಕವನ್ನು ನೋಡೋಣ. ಸವಾರ, ಸೈಕಲ್ಲು, ಬ್ಯಾಟರಿ, ಊಟದ ಡಬ್ಬಿಯ ಚೀಲ ಎಲ್ಲ ಸೇರಿ 105 ಕಿಲೋ ಎಂದಿಟ್ಟುಕೊಂಡರೆ, ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗವನ್ನು ಪೆಡಲ್ ತುಳಿಯದೆ ಕಾಯ್ದುಕೊಳ್ಳಲು ಚಕ್ರದ ಬಳಿ ಸುಮಾರು 180 ವ್ಯಾಟ್ ಸಾಕು. ಮೋಟಾರಿನಲ್ಲಿ ಮತ್ತು ಅದಕ್ಕೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆಯಾದ ಕಂಟ್ರೋಲರಿನಲ್ಲಿ ಶಾಖವಾಗಿ ಹೋಗುವ ಪಾಲನ್ನು ಸೇರಿಸಿದರೆ ಬ್ಯಾಟರಿಯಿಂದ ಹೊರಡಬೇಕಾದದ್ದು 230 ವ್ಯಾಟ್, ಅಂದರೆ ಕಿಲೋಮೀಟರಿಗೆ 9 ವ್ಯಾಟ್-ಅವರ್ ಆಗುತ್ತದೆ (ಒಂದು ವ್ಯಾಟಿನಂತೆ ಒಂದು ಗಂಟೆ ಎಳೆದರೆ ಖರ್ಚಾಗುವುದು ಒಂದು ವ್ಯಾಟ್-ಅವರ್). ಆದರೆ ನೀವಿರುವುದು ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳನ್ನು ನೆಟ್ಟಿರುವ ಜಿಲ್ಲೆಯಲ್ಲಿ, ಮತ್ತು ನಿಮ್ಮ ಹಳ್ಳಿಯಿಂದ ದುರ್ಗಕ್ಕೆ ಬರುವುದೆಂದರೆ ಪಶ್ಚಿಮಕ್ಕೆ ಮುಖ ಮಾಡಿ ಬರುವುದು. ಆಷಾಢದ ಗಾಳಿ ನಿಮಗೆ ಬೆಳಿಗ್ಗೆ ಎದುರಾಗಿಯೇ ಬೀಸುತ್ತದೆ. ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿಯಲ್ಲಿ ಅದೇ 25ರ ವೇಗವನ್ನು ಹಿಡಿಯಲು ಚಕ್ರದ ಬಳಿ 370 ವ್ಯಾಟ್ ಬೇಕಾಗುತ್ತದೆ, ಅಂದರೆ ಎರಡು ಪಟ್ಟಿಗೂ ಹೆಚ್ಚು. ಮೋಟಾರು ಕೊಡುವುದು ಆ 180 ವ್ಯಾಟ್ ಮಾತ್ರ ಎಂದಾದರೆ ವೇಗ 17ಕ್ಕೆ ಇಳಿಯುತ್ತದೆ, ಕಿಲೋಮೀಟರಿಗೆ ಬೇಕಾಗುವ ಶಕ್ತಿ 14 ವ್ಯಾಟ್-ಅವರ್ ಸಮೀಪಕ್ಕೆ ಏರುತ್ತದೆ. ಊರೊಳಗೆ ಕೋಟೆಯ ದಿಕ್ಕಿಗೆ ಏರುವ ರಸ್ತೆಗಳಲ್ಲಿ, ನೂರು ಮೀಟರಿಗೆ ಐದು ಮೀಟರ್ ಏರುವ ದಿಣ್ಣೆಯನ್ನು 12 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 200 ವ್ಯಾಟ್ ಬೇಕು.

ಈ ಲೆಕ್ಕದ ಮುಂದೆ ನಿಮ್ಮ ವೈಪರ್ ಮೋಟಾರನ್ನು ಇಟ್ಟು ನೋಡಿ. ಅದು ಗಾಜಿನ ಮೇಲೆ ರಬ್ಬರನ್ನು ಎಳೆಯಲು ಹುಟ್ಟಿದ ಯಂತ್ರ. ಬಿಡುವಿಲ್ಲದೆ ಓಡಿಸಿದರೆ ನೂರು ವ್ಯಾಟನ್ನೂ ಕೊಡಲಾರದು, ಮೇಲಾಗಿ ಅದರೊಳಗಿನ ವರ್ಮ್ ಗಿಯರಿನಲ್ಲಿ ಇರುವ ಶಕ್ತಿಯಲ್ಲೂ ದೊಡ್ಡ ಪಾಲು ಉಜ್ಜಿ ಹೋಗುತ್ತದೆ. 24 ವೋಲ್ಟಿನ ಬ್ರಷ್ ಮೋಟಾರನ್ನು (ಉಜ್ಜುವ ಕಾರ್ಬನ್ ತುಂಡುಗಳ ಮೂಲಕ ಕರೆಂಟು ಪಡೆಯುವಂಥದ್ದು) ಸೀಟಿನ ಕೆಳಗೆ ಕೂರಿಸಿ ಎಡಗಡೆಯಿಂದ ಬೇರೊಂದು ಚೈನು ಎಳೆಯುವ ಪದ್ಧತಿಯೂ ಇದೆ. ಆ ಜಾತಿಯ 250 ವ್ಯಾಟಿನ ಮೋಟಾರು ನಿಮಿಷಕ್ಕೆ 2,600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, 26 ಇಂಚಿನ ಚಕ್ರವು 25 ಕಿಲೋಮೀಟರ್ ವೇಗದಲ್ಲಿ ತಿರುಗುವುದು ಸುಮಾರು 200 ಸುತ್ತು; ನಡುವಿನ ಹದಿಮೂರು ಪಟ್ಟಿನ ಅಂತರವನ್ನು ಚೈನ್‌ವೀಲುಗಳಿಂದ ತುಂಬಿಸಲು ಲೇತ್ ಕೆಲಸ, ಸಾಲು ಸರಿ ಹೊಂದಿಸುವ ಕೆಲಸ, ಮೇಲೆ ದಿನವೂ ಸದ್ದು. ಕಲಿಯುವ ಆಸೆಗೆ ಅದು ಒಳ್ಳೆಯ ಅಭ್ಯಾಸ. ದಿನಾ 22 ಕಿಲೋಮೀಟರ್ ಓಡಾಡುವವರಿಗೆ ನಾನು ಹೇಳುವುದಿಲ್ಲ. ನಿಮಗೆ ಸರಿಹೊಂದುವುದು 36 ವೋಲ್ಟ್, 250 ವ್ಯಾಟಿನ, ಒಳಗೆ ಗಿಯರ್ ಇರುವ ಬ್ರಷ್ ಇಲ್ಲದ ಹಬ್ ಮೋಟಾರು, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೇ ಕೂತು ಚಕ್ರವನ್ನು ತಿರುಗಿಸುವ ಮೋಟಾರು. ತೂಕ ಮೂರು ಕಿಲೋದ ಆಸುಪಾಸು ಇರುತ್ತದೆ, ಮತ್ತು ಒಳಗೇ ಫ್ರೀವೀಲ್ ಇರುವುದರಿಂದ ಬ್ಯಾಟರಿ ಮುಗಿದರೂ ಸಾಧಾರಣ ಸೈಕಲ್ಲಿನಂತೆ ತುಳಿದುಕೊಂಡು ಮನೆ ಸೇರಬಹುದು. ಗಿಯರ್ ಇಲ್ಲದ ದೊಡ್ಡ ಹಬ್ ಮೋಟಾರು ಹೆಚ್ಚು ಬಾಳಿಕೆ ಬರುತ್ತದೆಂಬುದು ನಿಜವಾದರೂ ತೂಕ ಅದರ ಎರಡರಷ್ಟು, ಕರೆಂಟಿಲ್ಲದಾಗ ಅಯಸ್ಕಾಂತಗಳ ಎಳೆತವನ್ನು ಕಾಲೇ ಹೊರಬೇಕಾಗುತ್ತದೆ.

ಇನ್ನು ತಂದೆಯವರ ಸೈಕಲ್ಲಿನ ವಿಷಯ. ಅದರ ಚೌಕಟ್ಟಿನ ಉಕ್ಕಿಗೆ ನನ್ನ ಪೂರ್ಣ ಗೌರವವಿದೆ, ಮಾಡಲಾಗದ ಕೆಲಸವೇನೂ ಅಲ್ಲ. ಆದರೆ ನಮ್ಮ ಕಪ್ಪು ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಹಾಕುವುದು ವಾಡಿಕೆ. ಹಬ್ ಮೋಟಾರುಗಳು ಬಹುತೇಕ 36 ಕಡ್ಡಿಯವು. ಹೀಗಾಗಿ ಇರುವ ರಿಮ್ಮು ಉಪಯೋಗಕ್ಕೆ ಬರುವುದಿಲ್ಲ, ಮತ್ತು 28 ಇಂಚಿನಲ್ಲಿ (22 ಎನ್ನುವುದು ಚೌಕಟ್ಟಿನ ಅಳತೆ, ಚಕ್ರ 28) 36 ತೂತಿನ ರಿಮ್ಮನ್ನು ಹುಡುಕಿ ಅಲೆಯಬೇಕಾಗುತ್ತದೆ. ಮೋಟಾರಿನ ಜೊತೆ ಸಿಗುವ 26 ಇಂಚಿನ ಚಕ್ರವನ್ನೇ ಹಾಕೋಣವೆಂದರೆ ಸರಳಿನ ಬ್ರೇಕಿನ ರಬ್ಬರ್ ಕಟ್ಟೆಗಳು ರಿಮ್ಮನ್ನು ಮುಟ್ಟುವುದಿಲ್ಲ. ಮುಟ್ಟಿದರೂ ಪ್ರಯೋಜನ ಅಷ್ಟಕ್ಕಷ್ಟೇ: ಹೊಳಪಿನ ಉಕ್ಕಿನ ರಿಮ್ಮಿನ ಮೇಲೆ ಮಳೆ ನೀರು ಬಿದ್ದಾಗ ಆ ಬ್ರೇಕು ಹೇಗೆ ಜಾರುತ್ತದೆಂಬುದು ಅದನ್ನು ಓಡಿಸಿದ ಎಲ್ಲರಿಗೂ ಗೊತ್ತು. 15ರ ವೇಗದಲ್ಲಿ ಹೋಗುವ ಸೈಕಲ್ಲನ್ನು 25ಕ್ಕೆ ಏರಿಸಿದಾಗ ಬ್ರೇಕು ನುಂಗಬೇಕಾದ ಚಲನಶಕ್ತಿ ಒಂದೂ ಮುಕ್ಕಾಲು ಪಟ್ಟಲ್ಲ, ಎರಡೂ ಮುಕ್ಕಾಲು ಪಟ್ಟಿಗಿಂತಲೂ ತುಸು ಜಾಸ್ತಿ ಆಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುವಂಥದ್ದು. ಆದ್ದರಿಂದ ಪವರ್ ಬ್ರೇಕ್ ಎಂದು ನಮ್ಮ ಅಂಗಡಿಗಳಲ್ಲಿ ಕರೆಯುವ ಜಾತಿಯ ಬ್ರೇಕು ಎರಡೂ ಚಕ್ರಕ್ಕಿರುವ, ಉಕ್ಕಿನ ಚೌಕಟ್ಟಿನ, 26 ಇಂಚಿನ ಹಳೆಯ ಸೈಕಲ್ಲೊಂದನ್ನು ಕೊಳ್ಳಿ. ತಂದೆಯವರ ಸೈಕಲ್ಲು ಹೇಗಿದೆಯೋ ಹಾಗೇ ಇರಲಿ.

ಈಗ ಫೋರ್ಕಿಗೆ ಬರೋಣ. ಸಾಧಾರಣ ಚಕ್ರದಲ್ಲಿ ಅಚ್ಚು ಕದಲದೆ ನಿಂತಿರುತ್ತದೆ, ಹಬ್ಬು ಅದರ ಸುತ್ತ ಸಲೀಸಾಗಿ ತಿರುಗುತ್ತದೆ. ಅಚ್ಚಿಗೆ ಭಾರ ಹೊರುವ ಕೆಲಸವೊಂದೇ. ಹಬ್ ಮೋಟಾರಿನಲ್ಲಿ ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಬಲವಾಗಿ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಆ ತಿರುಚನ್ನು ತಡೆಯುವುದು ಅಚ್ಚಿನ ಎರಡು ಬದಿಯನ್ನು ಚಪ್ಪಟೆ ಮಾಡಿ 10 ಮಿಲಿಮೀಟರ್ ಅಗಲಕ್ಕೆ ತಂದಿರುವ ಭಾಗವೂ, ಅದು ಕೂರುವ ಫೋರ್ಕಿನ ಸೀಳೂ ಮಾತ್ರ. 30 ನ್ಯೂಟನ್-ಮೀಟರಿನ ತಿರುಚುಬಲವನ್ನು 10 ಮಿಲಿಮೀಟರಿನ ಅಗಲದಲ್ಲಿ ತಡೆಯಬೇಕಾದಾಗ ಸೀಳಿನ ಅಂಚುಗಳ ಮೇಲೆ ಬೀಳುವ ಒತ್ತಡ ಸುಮಾರು 300 ಕಿಲೋ ಭಾರಕ್ಕೆ ಸಮ. ಅದೇ ಅಚ್ಚಿಗೆ ದಪ್ಪ ಉಕ್ಕಿನ ಪಟ್ಟಿಯೊಂದನ್ನು ಬಿಗಿಯಾಗಿ ತೊಡಿಸಿ, ಅದರ ಇನ್ನೊಂದು ತುದಿಯನ್ನು 100 ಮಿಲಿಮೀಟರ್ ದೂರದಲ್ಲಿ ಫೋರ್ಕಿನ ಕಾಲಿಗೆ ಕ್ಲ್ಯಾಂಪ್ ಹಾಕಿ ಕಟ್ಟಿದರೆ, ಆ ತುದಿಯಲ್ಲಿ ತಡೆಯಬೇಕಾದದ್ದು 30 ಕಿಲೋ ಅಷ್ಟೇ. ಈ ಪಟ್ಟಿಗೆ ಟಾರ್ಕ್ ಆರ್ಮ್ ಎನ್ನುತ್ತಾರೆ. ನಾನು ಮೊದಲ ಬಾರಿ ದಾವಣಗೆರೆಯಲ್ಲಿ ಕಟ್ಟಿದ ಸೈಕಲ್ಲಿಗೆ ಇದನ್ನು ಹಾಕಿರಲಿಲ್ಲ. ನಟ್ಟು ಬಿಗಿಯಾಗಿದ್ದರೆ ಸಾಕೆಂದುಕೊಂಡಿದ್ದೆ. ಮೂರನೆಯ ದಿನ ಸಿಗ್ನಲ್ ಬಿಟ್ಟು ಹೊರಡುವಾಗ ಸೀಳು ಬಾಯಿ ಬಿಟ್ಟಿತು, ಅಚ್ಚು ಗಿರ್ರನೆ ತಿರುಗಿ ಅದರ ತೂತಿನಿಂದ ಹೊರಬರುವ ವೈರುಗಳನ್ನೆಲ್ಲ ಹೊಸೆದು ಹಗ್ಗ ಮಾಡಿತು, ಶಾರ್ಟ್ ಆಗಿ ಕಂಟ್ರೋಲರ್ ಸುಟ್ಟಿತು. ಗಾಡಿ ಇನ್ನೂ ನಡಿಗೆಯ ವೇಗದಲ್ಲಿದ್ದುದರಿಂದ ನನ್ನ ಹಲ್ಲುಗಳು ಉಳಿದವು.

ಅಲ್ಯೂಮಿನಿಯಂ ಫೋರ್ಕಿಗೆ, ಅಥವಾ ಮುಂದಿನ ಸ್ಪ್ರಿಂಗ್ ಶಾಕ್‌ಗಳ ಎರಕದ ಕಾಲಿಗೆ, ಮುಂಚಕ್ರದ ಮೋಟಾರನ್ನು ಎಂದಿಗೂ ಹಾಕಬೇಡಿ. ಉಕ್ಕು ಬಾಗಿ ಮುನ್ಸೂಚನೆ ಕೊಡುತ್ತದೆ, ಎರಕ ಹೇಳದೆ ಕೇಳದೆ ಸಿಡಿಯುತ್ತದೆ. ಮುಂದಿನ ಸೀಳು ಸಾಮಾನ್ಯವಾಗಿ 9 ಮಿಲಿಮೀಟರ್ ಅಗಲವಿರುವುದರಿಂದ ಅರವನ್ನು ತೆಗೆದುಕೊಂಡು ಎರಡೂ ಬದಿಯಲ್ಲಿ ಅರ್ಧರ್ಧ ಮಿಲಿಮೀಟರ್ ಉಜ್ಜಬೇಕಾಗುತ್ತದೆ. ಅಚ್ಚು ಬಿಗಿಯಾಗಿ ಜಾರುವಷ್ಟು ಉಜ್ಜಿದರೆ ಸಾಕು, ಸಡಿಲವಾಗುವಷ್ಟಲ್ಲ. ಹಿಂಚಕ್ರಕ್ಕೆ ಮೋಟಾರು ಹಾಕಿದರೆ ಚೌಕಟ್ಟು ಹೆಚ್ಚು ಗಟ್ಟಿ, ದಿಣ್ಣೆಯಲ್ಲಿ ಹಿಡಿತವೂ ಚೆನ್ನ, ಆದರೆ ಅಚ್ಚು ಕೂರುವ ಚೌಕಟ್ಟಿನ ಹಿಂಗಾಲುಗಳ ನಡುವಿನ ಅಂತರ 135 ಮಿಲಿಮೀಟರ್ ಇರಬೇಕು ಮತ್ತು ಪಂಚರ್ ಆದ ದಿನ ನಿಮ್ಮ ತಾಳ್ಮೆಯೂ ಇರಬೇಕು. ನಿಮ್ಮ ಏರುದಾರಿಗೆ ನಾನು ಹಿಂಚಕ್ರವನ್ನೇ ಆರಿಸುತ್ತೇನೆ, ಅಲ್ಲಿಗೂ ಟಾರ್ಕ್ ಆರ್ಮ್ ಸಹಿತವಾಗಿ. ಟಾರ್ಕ್ ಆರ್ಮನ್ನು 5 ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ನೀವೇ ಕೊರೆದುಕೊಳ್ಳಬಹುದು. ನಿಮ್ಮ ಕೈಕೆಲಸದ ಉತ್ಸಾಹಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಬ್ಯಾಟರಿಯ ವಿಷಯದಲ್ಲಿ ಆ ಉತ್ಸಾಹವನ್ನು ಅಷ್ಟೇ ಕಟ್ಟುನಿಟ್ಟಾಗಿ ತಡೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. 250 ವ್ಯಾಟ್ ಎಂದು ಬರೆದಿರುವ ಕಂಟ್ರೋಲರು ಹೊರಡುವಾಗಲೂ ಏರುವಾಗಲೂ 15 ಆಂಪಿಯರ್‌ವರೆಗೆ ಎಳೆಯುತ್ತದೆ. ಲ್ಯಾಪ್‌ಟಾಪ್ ಸೆಲ್‌ಗಳನ್ನು ಹತ್ತರ ಸರಣಿಯಲ್ಲಿ, ನಾಲ್ಕು ನಾಲ್ಕು ಸಮಾಂತರವಾಗಿ ಜೋಡಿಸಿದರೆ ಒಂದೊಂದು ಸೆಲ್ಲಿನ ಪಾಲಿಗೆ ಬರುವುದು ಪೌಣೆ ನಾಲ್ಕು ಆಂಪಿಯರ್. ಹೊಸದಾಗಿದ್ದಾಗಲೇ ಅವಕ್ಕೆ ಅದು ಹೆಚ್ಚೂಕಡಿಮೆ ಮಿತಿ. ನಾಲ್ಕೈದು ವರ್ಷ ದುಡಿದು ಬಿಸುಟ ಮೇಲೆ ಪ್ರತಿಯೊಂದರ ಒಳರೋಧವೂ ಉಳಿದಿರುವ ಸಾಮರ್ಥ್ಯವೂ ಬೇರೆಬೇರೆಯಾಗಿರುತ್ತವೆ. ಗಟ್ಟಿ ಸೆಲ್ಲು ಸೋತದ್ದರ ಹೊರೆಯನ್ನೂ ಹೊರುತ್ತದೆ, ಸರಣಿಯಲ್ಲಿ ಅತ್ಯಂತ ದುರ್ಬಲವಾದ ಗುಂಪು ಎಲ್ಲರಿಗಿಂತ ಮೊದಲು ಬರಿದಾಗಿ, ಎಲ್ಲರಿಗಿಂತ ಮೊದಲು ತುಂಬಿ, ಎರಡೂ ಕಡೆ ಕೆಡುತ್ತದೆ. ಅದರ ಮೇಲೆ ಬೆಸುಗೆ. ಕಾದ ಐರನ್ನನ್ನು ಸೆಲ್ಲಿನ ತಲೆಗೆ ಹಿಡಿದಾಗ ಒಳಗಿನ ಪ್ಲಾಸ್ಟಿಕ್ ಪೊರೆಗೂ ಸೀಲಿಗೂ ಆಗುವ ಹಾನಿ ಹೊರಗಿನಿಂದ ಕಾಣುವುದಿಲ್ಲ, ಆದ್ದರಿಂದಲೇ ಸೆಲ್‌ಗಳಿಗೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಕೂರಿಸುತ್ತಾರೆ. ಐವತ್ತು ಸೆಲ್‌ಗಳನ್ನು ವ್ಯರ್ಥ ಮಾಡಬೇಕಿಲ್ಲ. ಒಂದೊಂದಾಗಿ ಪರೀಕ್ಷಿಸಿ ಟಾರ್ಚಿಗೋ ರೇಡಿಯೊಗೋ ಬಳಸಿ.

ಸೈಕಲ್ಲಿಗೆ ನಾನು ಸೂಚಿಸುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಜಾತಿಯ ಸಿದ್ಧ ಬ್ಯಾಟರಿಯನ್ನು. ಅದು ಅದೇ ಶಕ್ತಿಯ ಬೇರೆ ಲಿಥಿಯಂ ಬ್ಯಾಟರಿಗಿಂತ ತುಸು ಭಾರ, ತುಸು ದೊಡ್ಡದು. ಆದರೆ ಬಿಸಿಲನ್ನೂ ತಪ್ಪುಗಳನ್ನೂ ಹೆಚ್ಚು ಸಹಿಸುತ್ತದೆ, ಮತ್ತು ಏಪ್ರಿಲ್ ತಿಂಗಳ ಚಳ್ಳಕೆರೆ ರಸ್ತೆಯಲ್ಲಿ ಈ ಗುಣ ಬೇಕೇ ಬೇಕು. 6 ಆಂಪಿಯರ್-ಅವರಿನ ಉದ್ದುರುಟು ಸೆಲ್‌ಗಳನ್ನು ಹನ್ನೆರಡರ ಸರಣಿಯಲ್ಲಿ ಎರಡೆರಡು ಸಮಾಂತರವಾಗಿ ಜೋಡಿಸಿದ, ಒಟ್ಟು 24 ಸೆಲ್‌ಗಳ ಬ್ಯಾಟರಿ 38.4 ವೋಲ್ಟ್, 12 ಆಂಪಿಯರ್-ಅವರ್ ಆಗುತ್ತದೆ, ಅಂದರೆ 460 ವ್ಯಾಟ್-ಅವರ್. ನಿಮ್ಮ 22 ಕಿಲೋಮೀಟರಿಗೆ ಹೋಗುವಾಗಲೂ ಬರುವಾಗಲೂ ಎದುರುಗಾಳಿಯ ಲೆಕ್ಕವನ್ನೇ ಹಿಡಿದರೂ ಬೇಕಾಗುವುದು 308; ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಎಂಬತ್ತು ಭಾಗ ಮಾತ್ರ ಬಳಸಿದರೂ 368 ಸಿಗುತ್ತದೆ. 10 ಆಂಪಿಯರ್-ಅವರಿನದನ್ನು ಕೊಂಡರೆ ಮೊದಲ ವರ್ಷ ಚೆನ್ನಾಗಿಯೇ ನಡೆದು, ಬ್ಯಾಟರಿ ಹಳೆಯದಾಗುತ್ತಾ ಹೋದಂತೆ ಸಂಜೆಯ ಕೊನೆಯ ಎರಡು ಕಿಲೋಮೀಟರ್ ನಿಮ್ಮ ಕಾಲಿಗೇ ಬೀಳುತ್ತದೆ. ಸ್ಕೂಟರಿನ ಸೀಸದ ಬ್ಯಾಟರಿ ಅಗ್ಗವೆಂದು ಯಾರಾದರೂ ಹೇಳಿದರೆ, 12 ಆಂಪಿಯರ್-ಅವರಿನ ಮೂರು ಬ್ಯಾಟರಿಗಳ ತೂಕ 11-12 ಕಿಲೋ ಎಂಬುದನ್ನೂ, ಮೋಟಾರು ಎಳೆಯುವಷ್ಟು ಜೋರಾಗಿ ಎಳೆದರೆ ಮೇಲೆ ಬರೆದ ಸಾಮರ್ಥ್ಯ ಅವುಗಳಿಂದ ಹೊರಬರುವುದಿಲ್ಲ ಎಂಬುದನ್ನೂ ನೆನಪಿಸಿ. ಒಟ್ಟು ಹಣದಲ್ಲಿ ಅರ್ಧವನ್ನು ಬ್ಯಾಟರಿಗೆ ಮೀಸಲಿಡಿ. ಉಳಿತಾಯ ಮಾಡಬೇಕೆನಿಸಿದರೆ ಡಿಸ್‌ಪ್ಲೇಯಲ್ಲಿ ಮಾಡಿ, ಅದಿಲ್ಲದೆಯೂ ಸೈಕಲ್ ಓಡುತ್ತದೆ.

ಬ್ಯಾಟರಿಯೊಳಗೆ ಬಿಎಂಎಸ್ ಇರಲೇಬೇಕು. ಪ್ರತಿ ಗುಂಪಿನ ವೋಲ್ಟೇಜನ್ನು ಕಾದು, ಮಿತಿ ಮೀರಿದಾಗ ಸಂಪರ್ಕ ಕಡಿಯುವ ಫಲಕ ಅದು. ಚಾರ್ಜರು ಆ ಬ್ಯಾಟರಿಯದೇ ಆಗಿರಬೇಕು. ಹನ್ನೆರಡರ ಎಲ್‌ಎಫ್‌ಪಿ ಸರಣಿಗೆ 43.8 ವೋಲ್ಟಿನ ಚಾರ್ಜರ್, ಹತ್ತರ ಸಾಮಾನ್ಯ ಲಿಥಿಯಂ ಸರಣಿಗೆ 42 ವೋಲ್ಟಿನದು; ಎರಡಕ್ಕೂ ಪಿನ್ನು ಒಂದೇ ಥರ ಇರುವುದುಂಟು, ಎರಡನ್ನೂ ಜನ 36 ವೋಲ್ಟಿನ ಚಾರ್ಜರ್ ಎಂದೇ ಕರೆಯುತ್ತಾರೆ. ಮೊದಲನೆಯದನ್ನು ಎರಡನೆಯ ಬ್ಯಾಟರಿಗೆ ಹಾಕಿದರೆ ಸೆಲ್ಲಿಗೆ 4.2ರ ಬದಲು 4.38 ವೋಲ್ಟ್ ತಲುಪುತ್ತದೆ. ಬಿಎಂಎಸ್ ತಡೆಯದಿದ್ದರೆ ಬೆಂಕಿಗೆ ಅದೇ ದಾರಿ. ಮನೆಯಲ್ಲಿ ಎರಡು ಬಗೆಯ ಚಾರ್ಜರ್ ಇದ್ದರೆ ಮೇಲೆ ಬಣ್ಣದಿಂದ ದಪ್ಪಗೆ ಬರೆದಿಡಿ. ಬಿಸಿಲಿನಲ್ಲಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ತಣಿಯಲು ಬಿಡಿ. ಮಲಗುವ ಕೋಣೆ, ಅಡುಗೆಮನೆ, ಹೊರಗೆ ಹೋಗುವ ಬಾಗಿಲ ಪಕ್ಕ ಇವು ಮೂರೂ ಚಾರ್ಜಿಗೆ ತಕ್ಕ ಜಾಗಗಳಲ್ಲ.

ವೈರಿಂಗ್ ಕೆಲಸ ಪೂರ್ತಿಯಾಗಿ ನಿಮ್ಮದೇ. ಬ್ಯಾಟರಿಯ ಧನ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ 20 ಆಂಪಿಯರಿನ ಫ್ಯೂಸು ಹಾಕಿ, ಅಲ್ಲಿಂದ ಕಂಟ್ರೋಲರಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆಯಿರಿ. ಮನೆ ವೈರಿಂಗಿನ ಗಟ್ಟಿ ಒಂಟಿ ಎಳೆಯ ವೈರು ಬೇಡ, ರಸ್ತೆಯ ಅದುರಾಟಕ್ಕೆ ಅದು ಬುಡದಲ್ಲಿ ಮುರಿಯುತ್ತದೆ. ಹಲವು ಎಳೆಗಳ ಬಾಗುವ ವೈರೇ ಆಗಬೇಕು. ಮೋಟಾರಿಗೆ ಹಳದಿ, ಹಸಿರು, ನೀಲಿ ಎಂಬ ಮೂರು ದಪ್ಪ ವೈರುಗಳೂ, ಚಕ್ರದ ಸ್ಥಾನವನ್ನು ತಿಳಿಸುವ ಹಾಲ್ ಸೆನ್ಸರಿನ ಐದು ಸಣ್ಣ ವೈರುಗಳೂ ಹೋಗುತ್ತವೆ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಬಹುತೇಕ ಸರಿಹೋಗುತ್ತದೆ. ಚಕ್ರ ತಿರುಗದೆ ಗುರುಗುಟ್ಟಿ ನಡುಗಿದರೆ ಕ್ರಮ ತಪ್ಪಿದೆ ಎಂದರ್ಥ, ಕೂಡಲೇ ನಿಲ್ಲಿಸಿ. ಮಳೆನೀರು ವೈರನ್ನೇ ಹಿಡಿದು ಒಳಗಿಳಿಯುವುದರಿಂದ, ಪೆಟ್ಟಿಗೆಗೆ ವೈರು ಕೆಳಗಿನಿಂದ ಬಾಗಿ ಪ್ರವೇಶಿಸುವಂತಿರಲಿ. ಬ್ಯಾಟರಿಯನ್ನು ಕ್ಯಾರಿಯರ್ ಮೇಲೆ ಕೂರಿಸಿದರೆ ಸೈಕಲ್ಲಿನ ಹಿಂಭಾಗ ಅಲ್ಲಾಡುತ್ತದೆ. ಬಾರಿನ ಕೆಳಗಿನ ತ್ರಿಕೋನವೇ ಅದರ ಜಾಗ.

ಥ್ರಾಟಲ್, ಅಂದರೆ ಹ್ಯಾಂಡಲಿನಲ್ಲಿ ತಿರುಗಿಸಿ ವೇಗ ಕೇಳುವ ಹಿಡಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿದೆ. ಅದಕ್ಕೆ ಮೂರು ವೈರು: 5 ವೋಲ್ಟ್, ನೆಲ (ಗ್ರೌಂಡ್, ಅಂದರೆ ಋಣ ತಂತಿ), ಸಂಕೇತ. ಬಿಟ್ಟಾಗ ಸಂಕೇತ 0.8 ವೋಲ್ಟಿನ ಆಸುಪಾಸು ಇರುತ್ತದೆ, ಪೂರ್ತಿ ತಿರುಗಿಸಿದಾಗ 4 ವೋಲ್ಟಿನ ಸಮೀಪಕ್ಕೆ ಬರುತ್ತದೆ. ನೆಲದ ವೈರು ಎಲ್ಲಾದರೂ ಕಡಿದರೆ ಸಂಕೇತ ತಾನಾಗಿ 5 ವೋಲ್ಟಿನತ್ತ ಏರಬಹುದು, ಆಗ ಕಂಟ್ರೋಲರಿನ ಪಾಲಿಗೆ ನೀವು ಪೂರ್ತಿ ವೇಗ ಕೇಳುತ್ತಿದ್ದೀರಿ. ಒಳ್ಳೆಯ ಕಂಟ್ರೋಲರು ಇದನ್ನು ದೋಷವೆಂದು ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ, ಎಲ್ಲವೂ ಹಾಗೆ ಮಾಡುವುದಿಲ್ಲ. ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಆ ನೆಲದ ವೈರನ್ನು ಬೇಕೆಂದೇ ಬಿಚ್ಚಿ ನಿಮ್ಮ ಕಂಟ್ರೋಲರು ಏನು ಮಾಡುತ್ತದೆಂದು ನೋಡಿ. ಚಕ್ರ ಓಡತೊಡಗಿದರೆ ಆ ಕಂಟ್ರೋಲರನ್ನು ಹಿಂತಿರುಗಿಸಿ. ಬ್ರೇಕ್ ಹಿಡಿಯುತ್ತಲೇ ಮೋಟಾರಿನ ಕರೆಂಟನ್ನು ಕಡಿಯುವ ಸ್ವಿಚ್ಚಿರುವ ಲಿವರುಗಳನ್ನೇ ಎರಡೂ ಕಡೆ ಹಾಕಬೇಕೆಂದು ನಾನು ಹಟ ಹಿಡಿಯುವುದಕ್ಕೂ ಇದೇ ಕಾರಣ.

ಡೈನಮೊ ಪ್ರಶ್ನೆಗೆ ಉತ್ತರ ಚಿಕ್ಕದು. ಡೈನಮೊ ಕೊಡುವ ಪ್ರತಿ ವ್ಯಾಟನ್ನೂ ಅದು ಚಕ್ರದಿಂದಲೇ ಕಿತ್ತುಕೊಳ್ಳುತ್ತದೆ, ಚಕ್ರಕ್ಕೆ ಅದನ್ನು ಕೊಟ್ಟದ್ದು ಬ್ಯಾಟರಿ. ಎರಡು ಕಡೆಯೂ ಸುಂಕ ಕಟ್ಟಬೇಕಾದ್ದರಿಂದ ದಾರಿ ಉದ್ದವಾಗುವುದಿಲ್ಲ, ಗಿಡ್ಡವಾಗುತ್ತದೆ. ಇಳಿಜಾರಿನಲ್ಲಿ ಮಾತ್ರ ಹಿಂಪಡೆಯಲು ಏನಾದರೂ ಇರುತ್ತದೆ, ಆದರೆ ಫ್ರೀವೀಲ್ ಇರುವ ಗಿಯರ್ ಹಬ್ಬಿನಲ್ಲಿ ಅದೂ ಆಗದು, ನಿಮ್ಮ ದಾರಿಯ ಇಳಿಜಾರಿಗೆ ಅದರ ಲಾಭವೂ ಅತ್ಯಲ್ಪ.

ಕಾನೂನಿನ ಬಗ್ಗೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಮೂವತ್ತು ನಿಮಿಷದ ಶಕ್ತಿ (ಅರ್ಧ ಗಂಟೆ ಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ ಇದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿನ ಒಳಗಿದ್ದು, ಬ್ಯಾಟರಿ ಬಿಟ್ಟು ಉಳಿದ ತೂಕ 60 ಕಿಲೋ ಮೀರದೆ, ತಕ್ಕ ಬ್ರೇಕು ಮತ್ತು ಬೆಳಕು ಪ್ರತಿಫಲಿಸುವ ಪಟ್ಟಿಗಳಿರುವ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ, ಹಾಗಾದಾಗ ನೋಂದಣಿಯೂ ಲೈಸೆನ್ಸೂ ಬೇಡ. ಆದರೆ ಈ ಗುಣಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ದೃಢೀಕರಿಸಿರಬೇಕೆಂದೂ ಅದೇ ನಿಯಮ ಹೇಳುತ್ತದೆ, ಮನೆಯಲ್ಲಿ ಕಟ್ಟಿದ ಸೈಕಲ್ಲಿಗೆ ಅಂಥ ಪತ್ರವಿರುವುದಿಲ್ಲ. 250 ವ್ಯಾಟ್ ಎಂದು ಬರೆದಿರುವ ಮೋಟಾರು ಈ ಮಿತಿಯ ಅಂಚಿನಲ್ಲೇ ನಿಲ್ಲುತ್ತದೆ ಎಂಬುದೂ ನೆನಪಿರಲಿ. ಆದ್ದರಿಂದ ಮಿತಿಯೊಳಗೇ ಇರಿ, ಮೋಟಾರಿನ ರಸೀದಿಯನ್ನು ಜೋಪಾನ ಮಾಡಿ, ಪೆಡಲನ್ನು ಎಂದಿಗೂ ಬಿಚ್ಚಬೇಡಿ. 48 ವೋಲ್ಟ್, 1,000 ವ್ಯಾಟ್ ಹಾಕಿಸಿಕೊಂಡವರನ್ನು ನೋಡಿ ಆಸೆಪಟ್ಟರೆ, ನೀವು ಓಡಿಸುತ್ತಿರುವುದು ನಂಬರ್ ಪ್ಲೇಟೂ ವಿಮೆಯೂ ಇಲ್ಲದ ಮೋಟಾರು ವಾಹನವೆಂದಾಗುತ್ತದೆ.

ಕಟ್ಟಿ ಮುಗಿದ ಮೇಲೆ ಮೊದಲ ದಿನವೇ ಕೆಲಸಕ್ಕೆ ಹೊರಡಬೇಡಿ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಅಚ್ಚಿನ ನಟ್ಟು, ಟಾರ್ಕ್ ಆರ್ಮಿನ ಬೋಲ್ಟು, ಬ್ರೇಕಿನ ಕೇಬಲ್ಲುಗಳನ್ನು ಪಾನಾ ಹಿಡಿದು ಮತ್ತೆ ಬಿಗಿ ಮಾಡಿ. ಹೊಸ ಕಡ್ಡಿಗಳು ಸಡಿಲಗೊಳ್ಳುವುದರಿಂದ ಐವತ್ತು ಕಿಲೋಮೀಟರಿಗೊಮ್ಮೆ ಸೈಕಲ್ ಅಂಗಡಿಯಲ್ಲಿ ಚಕ್ರದ ಬೆಂಡು ತೆಗೆಸಿ. ಏರಿನಲ್ಲಿ ವೇಗ ಹತ್ತಕ್ಕಿಂತ ಕೆಳಗಿಳಿದರೆ ಮೋಟಾರಿನ ಮೇಲೆಯೇ ಭಾರ ಹಾಕದೆ ಪೆಡಲ್ ತುಳಿಯಿರಿ, ಏಕೆಂದರೆ ಚಕ್ರ ನಿಧಾನವಾದಷ್ಟೂ ಕರೆಂಟು ತಿರುಗುವ ಬದಲು ಸುರುಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ದಿಣ್ಣೆ ಹತ್ತಿ ನಿಂತು ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿ; ಐದು ಎಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ, ಮರುದಿನದಿಂದ ಆ ದಿಣ್ಣೆಯಲ್ಲಿ ಇನ್ನಷ್ಟು ತುಳಿಯಬೇಕು.